ಹುಲ್ಲು ಹುಟ್ಟಿಲ್ಲ, ಹುಲ್ಲು ಕೊಯ್ದ ಬಿಲ್ಲು ಬಂತು

ಹೋದ ಐತಾರ ಧಾರವಾಡದಿಂದ ದೊಡ್ಡ ವೈನಿ ಫೋನ್ ಮಾಡಿದ್ರು. ಅವರ ಮಗಾ ಇಲ್ಲೇ ಇಂಗ್ಲೆಂಡಿನಾಗ, ನಮ್ಮ ಮನಿಯಿಂದ ಎರಡು ತಾಸಿನ ದಾರಿ ಮ್ಯಾಲೆ, ಹೊಸಾ ಮನಿ ತಗೊಳ್ಳಿಕ್ಕೆ ಹತ್ಯಾನ. ವೈನಿಗೆ ಒಂದು ಮಾತು ತಿಳೀವಲ್ದು. "ಮನಿ ಸ್ವಂತದ್ದು, ಕೆಳಗಿನ ಜಾಗಾನೂ ಸ್ವಂತದ್ದು ಅಂತಾನ. ಆದ್ರೂ ವರ್ಷಾ ವರ್ಷಾ ಯಾವುದೋ ಕಂಪನಿಗೆ ರೊಕ್ಕ ಕಟ್ಟಬೇಕಂತ. ಇದೇನವಾ, ಬಾಡಿಗಿಯೇನು?"

ನಾ ನಕ್ಕೆ. ಆಮ್ಯಾಲೆ ಅನಿಸ್ತು, ವೈನಿ ಕೇಳಿದ್ದು ಖರೇ ಪ್ರಶ್ನೆ. ಆರು ವರ್ಷದ ಹಿಂದ ನಾವು ಸಹಿ ಮಾಡೂಮುಂದ ನಾನs ಕೇಳಬೇಕಿತ್ತು. ಕೇಳಲಿಲ್ಲ. ನಾ ಆವಾಗ ಅಡಗಿ ಮನಿ ಕಟ್ಟಿ ಎಷ್ಟು ಉದ್ದ ಅದ ಅಂತ ಅಳೀತಿದ್ದೆ.

ಮನಿ ತೋರಿಸಿದವರು ಒಂದು ಛಂದ ನಕ್ಷಾ ಕೊಟ್ಟಿದ್ರು. ಹಸಿರು ಬಯಲು, ಹುಡುಗರ ಉಯ್ಯಾಲಿ, ನಡುವ ಒಂದು ಸಣ್ಣ ಕೆರಿ. ಇವತ್ತಿಗೂ ನಮ್ಮ ರಸ್ತಾಕ್ಕ ಕೊನೇ ಪದರ ಡಾಂಬರು ಬಿದ್ದಿಲ್ಲ. ಗಟಾರದ ಮುಚ್ಚಳ ರಸ್ತಾಕಿಂತ ನಾಲ್ಕು ಬೆರಳು ಮ್ಯಾಲೆ ನಿಂತಾವ, ಮಗುವಿನ ಗಾಡಿ ತಳ್ಳಿಕೊಂಡು ಹೋಗೂಮುಂದ ದಿನಾ ಎಡವ್ತದ. ಉಯ್ಯಾಲಿ ಬರಬೇಕಾದ ಜಾಗಾದಾಗ ಮಣ್ಣಿನ ಗುಡ್ಡಿ. ಆದ್ರ ಮೊದಲನೇ ವರ್ಷದಿಂದs ಬಿಲ್ಲು ಬಂತು: ಹುಲ್ಲು ಕೊಯ್ಯೂದು, ಆಟದ ಬಯಲಿನ ತಪಾಸಣಿ, ಕೆರಿ ಸ್ವಚ್ಛ ಮಾಡೂದು, ಲೆಕ್ಕ ಬರಿಯೂದು, ಮತ್ತ ಇದೆಲ್ಲಾ ನೋಡಿಕೊಳ್ಳೋ ಕಂಪನಿಯ ಫೀ. ಕೌನ್ಸಿಲ್ ಟ್ಯಾಕ್ಸು ಬ್ಯಾರೆ, ಅದರಾಗ ಒಂದು ಪೈಸೆ ಕಡಿಮಿ ಇಲ್ಲ.

ಇದು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದ್ರ, ಭಾಳ ಹಿಂದ ಹೋಗಬೇಕಾಗ್ತದ.

ಇಂಗ್ಲೆಂಡಿನಾಗ ಒಂದು ಹಳೇ ಪದ್ಧತಿ ಇತ್ತು, ರೆಂಟ್‌ಚಾರ್ಜ್ ಅಂತ. ಮ್ಯಾಂಚೆಸ್ಟರ್ ಕಡೆ ಅದಕ್ಕ ಚೀಫ್ ರೆಂಟ್ ಅಂತಿದ್ರು, ಬ್ರಿಸ್ಟಲ್ ಕಡೆನೂ ಭಾಳ ಇತ್ತು. ಜಮೀನ್ದಾರ ಜಾಗಾ ಪೂರಾ ಮಾರ್ತಿದ್ದ, ಆದ್ರ ವರ್ಷಾ ಇಷ್ಟು ರೊಕ್ಕ ಕೊಡಬೇಕು ಅಂತ ಪತ್ರದಾಗ ಬರಸ್ತಿದ್ದ. ಆ ಸಾಲ ಮನುಷ್ಯಾರ ಮ್ಯಾಲೆ ಕೂಡ್ತಿರಲಿಲ್ಲ, ನೆಲದ ಮ್ಯಾಲೆ ಕೂಡ್ತಿತ್ತು. ಮನಿ ಯಾರು ತಗೊಂಡ್ರೂ ಅವರ ಕೊರಳಿಗೆ. ಹಂಗಾಗಿ ವೈನಿ, ನೀವು ಬಾಡಿಗಿ ಅಂದದ್ದು ತಪ್ಪಲ್ಲ. ಹೆಸರಿನಾಗs ಬಾಡಿಗಿ ಅದ.

ರಸ್ತಾದ ಕಥಿ ಬ್ಯಾರೆ. 1875ರ ಪಬ್ಲಿಕ್ ಹೆಲ್ತ್ ಕಾಯಿದೆ ಪ್ರಕಾರ ಹೊಸಾ ಓಣಿಗೆ ರಸ್ತಾ, ಗಟಾರ ಸರಿ ಇಲ್ಲಂದ್ರ, ಮಾಡಸ್ರಿ ಅಂತ ಎದುರಿನ ಮನಿಯವರಿಗೆ ಊರಿನ ಆಡಳಿತ ಹೇಳಬಹುದಿತ್ತು. ಮಾಡಲಿಲ್ಲಂದ್ರ ತಾನs ಮಾಡಿಸಿ ಖರ್ಚು ವಸೂಲ್ ಮಾಡ್ತಿತ್ತು. ರಸ್ತಾ ಸರಿ ಆದಮ್ಯಾಲೆ ಅದನ್ನ ಊರಿನ ರಸ್ತಾ ಅಂತ ತಗೋಬಹುದಿತ್ತು. ಒಮ್ಮೆ ಕೊಟ್ರ ಮುಗೀತು, ಮುಂದಿನ ದುರಸ್ತಿ ಊರಿಂದು. ನಮ್ಮ ಧಾರವಾಡದಾಗ ಹೊಸಾ ಲೇಔಟಿನ ಸೈಟ್ ನೋಡೂಮುಂದ "ಕಾರ್ಪೊರೇಶನ್‌ಗೆ ಹ್ಯಾಂಡೋವರ್ ಆಗೇದೇನ್ರಿ?" ಅಂತ ಕೇಳ್ತಾರಲ್ಲ, ಇಲ್ಲಿ ಅದಕ್ಕ ಅಡಾಪ್ಶನ್ ಅಂತಾರ. ದತ್ತಕ ತಗೊಂಡಂಗ.

ಈಗ 1885ಕ್ಕ ಬರ್ರಿ. ಮ್ಯಾಂಚೆಸ್ಟರ್ ಹತ್ತಿರದ ಓಲ್ಡಮ್ ಊರಾಗ ಒಂದು ರಸ್ತಾದ ಜಗಳ ಅಪೀಲು ಕೋರ್ಟಿಗೆ ಬಂತು. ರಸ್ತಾ ಮಾಡಿದವರು, ಜಾಗಾ ಕೊಟ್ಟ ಮಾಲಕಗ "ಇದನ್ನ ನಾವು ದುರಸ್ತಿ ಇಡ್ತೀವಿ" ಅಂತ ಬರಕೊಟ್ಟಿದ್ರು. ಮುಂದ ರಸ್ತಾ ಕಾರ್ಪೊರೇಶನ್ ಕೈಗೆ ಹೋತು, ಬಾಜೂಕಿನ ಜಾಗಾ ಇನ್ನೊಬ್ಬರ ಕೈಗೆ ಹೋತು. ಕಾರ್ಪೊರೇಶನ್ ಆ ಹೊಸಾ ಮಾಲಕಗ ಖರ್ಚು ಕೊಡು ಅಂತು. ಅಂವಾ ಹಳೇ ಮಾತು ತೋರಿಸಿದ. ಕೋರ್ಟು ಏನಂತು ಅಂದ್ರ, ಕೆಲಸಾ ಮಾಡ್ತೀವಿ, ಖರ್ಚು ಮಾಡ್ತೀವಿ ಅನ್ನೋ ಮಾತು ಕೊಟ್ಟವರಿಗೆ ಮಾತ್ರ ಕಟ್ಟು. ಆಸ್ತಿ ಕೈ ಬದಲಾದ್ರ ಆ ಭಾರ ಅದರ ಹಿಂದ ಹೋಗೂದಿಲ್ಲ.

ಇದರಿಂದ ಒಂದು ಪೇಚು ಹುಟ್ಟಿತು. ನಾಕಾರು ಮನಿಯವರು ಕೂಡಿ ಒಂದು ರಸ್ತಾ ಇಟ್ಟುಕೋಬೇಕಂದ್ರ, ಒಬ್ಬಾಕಿ ಮನಿ ಮಾರಿದ ಕೂಡ್ಲೆ ಹೊಸಬಾಕಿ "ನಾ ಒಪ್ಪಿಲ್ಲ" ಅನ್ನಬಹುದಾತು. 1957ರಾಗ ಲಿವರ್‌ಪೂಲಿನ ಕ್ರೆಸಿಂಗ್ಟನ್ ಪಾರ್ಕ್ ಪ್ರಕರಣದಾಗ ಕೋರ್ಟು ಇದಕ್ಕೊಂದು ಸಣ್ಣ ಪರಿಹಾರ ಕೊಡ್ತು: ಓಣಿಯ ರಸ್ತಾ, ಗಟಾರ ಬಳಸಬೇಕಂದ್ರ ನಿನ್ನ ಪಾಲು ಕೊಡು. ಊಟಾ ಮಾಡಿದಾಕಿ ಭಾಂಡಿನೂ ತಿಕ್ಕಬೇಕು ಅಂದಂಗ. ಆದ್ರ ಎಲ್ಲಾ ಕಡೆ ಇದು ನಡೀತಿರಲಿಲ್ಲ.

1977ರಾಗ ಸರಕಾರ ರೆಂಟ್‌ಚಾರ್ಜ್ ಕಾಯಿದೆ ಮಾಡಿ ಹೊಸಾ ರೆಂಟ್‌ಚಾರ್ಜ್ ಹಾಕೂದs ಬಂದ್ ಮಾಡ್ತು. ಹಳೇವು ಬಹುತೇಕ 2037ಕ್ಕ ತಾವs ಮುಗೀತಾವ. ಆದ್ರ ಒಂದು ಹಿತ್ತಲ ಬಾಗಿಲಾ ತೆರೆದಿಟ್ರು, ಎಸ್ಟೇಟ್ ರೆಂಟ್‌ಚಾರ್ಜ್ ಅಂತ. ಸಾಮೂಹಿಕ ರಸ್ತಾ, ಬಯಲು ನೋಡಿಕೊಳ್ಳಿಕ್ಕೆ ಮಾತ್ರ, ಅದೂ ಮಾಡಿದ ಕೆಲಸಕ್ಕ ತಕ್ಕಷ್ಟು. ಉದ್ದೇಶ ಛಲೋನೇ ಇತ್ತು. ಓಲ್ಡಮ್ ಪೇಚಿಗೆ ಉತ್ತರ ಬೇಕಿತ್ತಲ್ಲ.

ಮುಂದ ಆದದ್ದು ನೋಡ್ರಿ. 1980ರ ಹೈವೇಸ್ ಕಾಯಿದೆಯ 38ನೇ ಕಲಮಿನ ಪ್ರಕಾರ ಬಿಲ್ಡರ್ ಮತ್ತ ಕೌನ್ಸಿಲ್ ಕರಾರು ಮಾಡಿಕೊಂಡು ರಸ್ತಾ ದತ್ತಕ ಕೊಡಬಹುದು. "ಬಹುದು", "ಬೇಕು" ಇಲ್ಲ. ಮುಂದಿನ ಖರ್ಚು ಯಾಕ ಬೇಕು ಅಂತ ಕೌನ್ಸಿಲ್‌ಗಳು ಹಿಂದ ಸರದ್ವು. ಕೌನ್ಸಿಲ್ ಹೇಳಿದ ಮಟ್ಟಕ್ಕ ರಸ್ತಾ ಮಾಡೋ ಖರ್ಚು ಉಳೀತದ ಅಂತ ಬಿಲ್ಡರ್‌ಗಳಿಗೂ ಅವಸರ ಇರಲಿಲ್ಲ. ನಡುವ ಸಿಕ್ಕವರು ಮನಿ ತಗೊಂಡವರು. ಅಲ್ಲಿಯ ಸ್ಪರ್ಧಾ ಪ್ರಾಧಿಕಾರ 2024ರ ಫೆಬ್ರುವರಿಯಾಗ ವರದಿ ಕೊಡ್ತು: 2021–22ರಾಗ 11 ದೊಡ್ಡ ಬಿಲ್ಡರ್‌ಗಳು ಮಾರಿದ ಹೊಸಾ ಮನಿಗಳಾಗ ನೂರಕ್ಕ 80ಕ್ಕ ಈ ಶುಲ್ಕ ಇತ್ತು. ಸರಾಸರಿ ವರ್ಷಕ್ಕ 350 ಪೌಂಡ್. ದೊಡ್ಡ ದುರಸ್ತಿ ಬಂದ್ರ ಸಾವಿರಗಟ್ಟಲೆ. ಹಿತ್ತಲ ಬಾಗಿಲಾ ತಲಬಾಗಿಲಾ ಆತು.

ಕಟ್ಟದಿದ್ರ ಏನಾಗ್ತದ ಅಂತೀರಾ? 1925ರ ಆಸ್ತಿ ಕಾಯಿದೆಯ 121ನೇ ಕಲಮು ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ. ರೆಂಟ್‌ಚಾರ್ಜ್ 40 ದಿನಾ ಬಾಕಿ ಬಿದ್ರ, ಅಧಿಕೃತವಾಗಿ ಕೇಳಿರದಿದ್ರೂ, ಮನಿ ಸ್ವಾಧೀನಾ ತಗೋಬಹುದು, ಇಲ್ಲಾ ಮನಿ ಮ್ಯಾಲೆ ಲೀಜ್ ಬರಸಬಹುದು. 2016ರಾಗ ಒಂದು ಪ್ರಕರಣ ಟ್ರಿಬ್ಯುನಲ್‌ಗೆ ಹೋತು. ಬಾಕಿ ಇದ್ದದ್ದು 6ರಿಂದ 15 ಪೌಂಡ್. ಅಷ್ಟಕ್ಕs ಮನಿಗಳ ಮ್ಯಾಲೆ 99 ವರ್ಷದ ಲೀಜ್ ಬರಸಿದ್ರು, ಅದು ಕಾನೂನಿನಾಗ ನಿಲ್ತದ ಅಂತs ತೀರ್ಪಾತು. 2024ರ ಹೊಸಾ ಕಾಯಿದೆ ಈ ಹಲ್ಲು ಕಿತ್ತಿತು, ಆದ್ರ ಹಳೇ ಮಾದರಿಯ ರೆಂಟ್‌ಚಾರ್ಜ್‌ಗೆ ಮಾತ್ರ. ನಮ್ಮಂಥಾ ಎಸ್ಟೇಟಿನವರಿಗೆ ಲೆಕ್ಕ ಕೇಳೋ, ಟ್ರಿಬ್ಯುನಲ್‌ಗೆ ಹೋಗೋ ಹಕ್ಕು ಕಾಯಿದೆಯಾಗ ಬರದಾರ, ಆದ್ರ ಕಾಯಿದೆ ಪಾಸಾದ ದಿನಾನೇ ಅವು ಕೈಗೆ ಸಿಗಲಿಲ್ಲ.

ಹಂಗಂತ ಕೈಕಟ್ಟಿ ಕೂಡಲಿಲ್ಲ. ಬಾಜೂ ಮನಿಯಾಕಿ ಮನಿ ಮಾರಲಿಕ್ಕೆ ಹೋದಾಗ, ಕಂಪನಿಯ ಕಾಗದಾ ಬರಲಿಲ್ಲ ಅಂತ ವಾರಗಟ್ಟಲೆ ಕಾದು, ಬಂದ ಗಿರಾಕಿನೇ ತಪ್ಪಿಹೋತು. ಅಕಿ ನಮ್ಮ ಅಡಗಿ ಮನಿಯಾಗ ಕೂತು ಅತ್ತದ್ದು ನೋಡಿ, ನಾವು ಐದು ಮಂದಿ ಹೆಣ್ಮಕ್ಕಳು ಬಿಲ್ಲು ಕೈಯಾಗ ಹಿಡಕೊಂಡು ಎಸ್ಟೇಟ್ ಪೂರಾ ಸುತ್ತಿದ್ವಿ. ಒಂದೊಂದು ಸಾಲಿಗೂ ಒಂದೊಂದು ಫೋಟೊ. "ಆಟದ ಬಯಲಿನ ತಪಾಸಣಿ" ಅನ್ನೋ ಸಾಲಿಗೆ ಮಣ್ಣಿನ ಗುಡ್ಡಿ ಫೋಟೊ. ಎರಡು ತಿಂಗಳಾದ ಮ್ಯಾಲೆ ಆ ಸಾಲು ತೆಗೆದು ರೊಕ್ಕ ವಾಪಸ್ ಕೊಟ್ರು. ರಸ್ತಾ ಮಾತ್ರ ಇನ್ನೂ ಹಂಗs ಅದ.

ವೈನಿ, ನಿಮ್ಮ ಮಗಾಗ ಹೇಳ್ರಿ, ಅಡಗಿ ಮನಿ ಆಮ್ಯಾಲೆ ನೋಡು, ಮೊದಲ ವಕೀಲಗ ಈ ಪ್ರಶ್ನೆ ಕೇಳು ಅಂತ. ರಸ್ತಾಕ್ಕ 38ನೇ ಕಲಮಿನ ಕರಾರು ಆಗೇದೇನು, ಬಿಲ್ಡರ್ ಅರ್ಧಕ್ಕ ಬಿಟ್ರ ಕೌನ್ಸಿಲ್ ಕೈಯಾಗ ಜಾಮೀನು ರೊಕ್ಕ ಅದ ಏನು? ಶುಲ್ಕ ಯಾವ ದಿನದಿಂದ ಶುರು, ಕೆಲಸಾ ಮುಗಿದ ಮ್ಯಾಲೋ, ಕೀಲಿ ಕೊಟ್ಟ ದಿನದಿಂದೋ? ಖರ್ಚು ಎಷ್ಟು ಮನಿಗೆ ಹಂಚ್ತಾರ, ಕಟ್ಟಿದಷ್ಟಕ್ಕೋ, ನಕ್ಷಾದಾಗ ಇದ್ದಷ್ಟಕ್ಕೋ? ಕಂಪನಿ ನಮ್ಮ ಕೈಗೆ ಯಾವಾಗ ಬರ್ತದ? ಪತ್ರದಾಗ 121ನೇ ಕಲಮು ಬಳಸೂದಿಲ್ಲ ಅಂತ ಬರಸಲಿಕ್ಕೆ ಆಗ್ತದೇನು?

ಉತ್ತರ ಬಾಯಿಮಾತಿನಾಗ ಬ್ಯಾಡ, ಕಾಗದದ ಮ್ಯಾಲೆ ಇರಲಿ. ಓಲ್ಡಮ್‌ದಾಗ ರಸ್ತಾ ಮಾಡಿದವರೂ ದುರಸ್ತಿ ಮಾಡ್ತೀವಿ ಅಂತ ಮಾತು ಕೊಟ್ಟಿದ್ರು. ಮಾತು ಯಾರ ಕೊರಳಿಗೆ ಕಟ್ಟದ ಅನ್ನೂದನ್ನ ತಿಳಕೊಂಡು ಸಹಿ ಮಾಡಬೇಕು. ನಾ ತಿಳೀದ ಮಾಡಿದೆ. ಈ ವರ್ಷದ ಬಿಲ್ಲು ನಿನ್ನೆ ಬಂದದ, ನಾಳೆ ಮುಂಜಾನೆ ನಾವು ಐದೂ ಮಂದಿ ಮತ್ತ ಸುತ್ತಲಿಕ್ಕೆ ಹೊರಟೇವಿ.