ಇವಾಕುನಿಯ ಬಿಳಿ ಹಾವು: ಬಣ್ಣ ಉಳಿಸಿದ್ದು ಯಾರು?

ಜಪಾನಿನ ಪೆಟ್ ಶಾಪ್‌ಗಳಲ್ಲಿ ಕಿತ್ತಳೆ, ಹಳದಿ, ಬಿಳಿ ಬಣ್ಣದ ಕಾರ್ನ್ ಸ್ನೇಕ್ ಮರಿಗಳನ್ನು ನೀವು ನೋಡಿರಬಹುದು. ಬಣ್ಣಕ್ಕಾಗಿಯೇ ಜೋಡಿ ಆರಿಸಿ ಹುಟ್ಟಿಸಿದ ಮರಿಗಳು ಅವು. ಆದರೆ ಅದೇ ದೇಶದ ಇವಾಕುನಿ ಎಂಬ ಊರಲ್ಲಿ ಯಾವ ಬ್ರೀಡರೂ ಇಲ್ಲದೆ ಒಂದು ಬಣ್ಣ ಶತಮಾನಗಳ ಕಾಲ ಉಳಿದುಬಂತು. ಯಾಮಾಗುಚಿ ಪ್ರಾಂತ್ಯದ ಊರು. ಐದು ಕಮಾನಿನ ಕಿಂಟೈ ಮರದ ಸೇತುವೆಗೆ ಹೆಸರುವಾಸಿ.

ಅಲ್ಲಿನ ಬಿಳಿ ಹಾವು ಬೇರೆ ಜಾತಿಯೇನಲ್ಲ. ಜಪಾನಿನಲ್ಲಿ ಸಾಮಾನ್ಯವಾಗಿ ಕಾಣುವ ಅಓದೈಶೋ ಹಾವೇ, ಅಂದರೆ ನಮ್ಮ ಕೇರೆ ಹಾವಿನ ಹಾಗೆ ಇಲಿ ಹಿಡಿಯುವ, ವಿಷವಿಲ್ಲದ ಹಾವು. ಮಾಮೂಲಿ ಅಓದೈಶೋ ಮರಿಗೆ ಮೈತುಂಬ ಕಂದು ಗುರುತುಗಳಿರುತ್ತವೆ. ಬೆಳೀತಾ ಬೆಳೀತಾ ಅವು ಮಾಸಿ ಮೈ ಮಂಕು ಹಸಿರಾಗುತ್ತೆ. ಬಿಳಿ ಹಾವಿಗೆ ಮೆಲನಿನ್ ಇಲ್ಲ. ಕಣ್ಣು ಕೆಂಪು. ಪೂರ್ತಿ ಬೆಳೆದರೆ ಸುಮಾರು 1.8 ಮೀಟರ್ ಉದ್ದ.

ಈಗ ಲೆಕ್ಕ ನೋಡಿ, ನನ್ನ ಕಸುಬೇ ಅದು. ಮರಿ ಬಿಳಿಯಾಗಬೇಕಾದರೆ ಆ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ಊರಿನ ಹಾವುಗಳಲ್ಲಿರುವ ಆ ಜೀನ್‌ನ ನೂರು ಪ್ರತಿಗಳಲ್ಲಿ ಒಂದು ಮಾತ್ರ ಬಿಳಿಯದು ಅಂತಿಟ್ಟುಕೊಳ್ಳಿ: ಹತ್ತು ಸಾವಿರ ಮರಿಗೆ ಒಂದು ಬಿಳಿ ಮರಿ. ಅದೂ ಹದ್ದಿನ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬೀಳುವಂಥದ್ದು. ಹಾಗಿದ್ದೂ 1738ರಲ್ಲೇ ದಾಖಲಾದ ಬಿಳಿ ಹಾವು ಇವತ್ತಿಗೂ ಇದೆ.

ಹೇಗೆ? ಇವಾಕುನಿಯಲ್ಲಿ ಅಕ್ಕಿ ಉಗ್ರಾಣಗಳಿದ್ದವು. ಅಕ್ಕಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಜೊತೆಗೆ, ಬಿಳಿ ಹಾವು ಬೆಂಜೈತೆನ್ ದೇವಿಯ ದೂತ ಅಂತ ಜನ ಅದನ್ನು ಕೊಲ್ಲಲಿಲ್ಲ. ಈ ಬೆಂಜೈತೆನ್ ಯಾರು ಗೊತ್ತಾ? ನಮ್ಮ ಸರಸ್ವತಿ! ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಹೋದವಳು. ವೀಣೆಯ ಬದಲು ಕೈಯಲ್ಲಿ ಬಿವಾ ಹಿಡಿದಿದ್ದಾಳೆ. ನಮ್ಮಲ್ಲಿ ಹಾವು ಸುಬ್ರಹ್ಮಣ್ಯನ ಪಾಲಾಯಿತು, ಅಲ್ಲಿ ಸರಸ್ವತಿಯ ಪಾಲಿಗೆ ಬಂತು. ನಾಗಬನ ನೋಡಿ ಬೆಳೆದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ.

1924ರಲ್ಲಿ ಸರ್ಕಾರ ಈ ಹಾವುಗಳ ನೆಲೆಯನ್ನು ನೈಸರ್ಗಿಕ ಸ್ಮಾರಕ ಅಂತ ಘೋಷಿಸಿತು. 1972ರಲ್ಲಿ ಆ ಮಾನ್ಯತೆ ಹಾವುಗಳಿಗೇ ಸಿಕ್ಕಿತು. (ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದೇ ವರ್ಷದ್ದು.) ಅಷ್ಟರಲ್ಲಿ ಊರು ಬದಲಾಗಿತ್ತು. ಉಗ್ರಾಣ ಹೋಯಿತು, ಇಲಿ ಕಡಿಮೆಯಾಯಿತು, ಹಾವು ಅಡಗುವ ಕಲ್ಲಿನ ಸಂದುಗಳೂ ಕಡಿಮೆಯಾದವು. ಹಾಗಾಗಿ ಈಗ ಸಾಕಣೆ ಕೇಂದ್ರದಲ್ಲಿ ಮೊಟ್ಟೆ ಮರಿಯಾಗಿಸಿ ಬೆಳೆಸ್ತಾರೆ. ಅಲ್ಲಿ ಬಣ್ಣದ ಲೆಕ್ಕ ಬಹಳ ಸುಲಭ: ಎರಡು ಬಿಳಿ ಹಾವು ಕೂಡಿದರೆ ಎಲ್ಲ ಮರಿಗಳೂ ಬಿಳಿ. ಕಷ್ಟ ಇರೋದು ಬೇರೆ ಕಡೆ. ಕೆಲವೇ ಹಾವುಗಳ ಸಂತಾನ ತಮ್ಮತಮ್ಮಲ್ಲೇ ಕೂಡ್ತಾ ಹೋದರೆ ಬಣ್ಣ ಉಳಿಯುತ್ತೆ, ಆದರೆ ತಳಿ ಬಡವಾಗುತ್ತೆ. ನನ್ನ ಪ್ರಕಾರ ಆ ಉಗ್ರಾಣಗಳೇ ಒಳ್ಳೆಯ ಬ್ರೀಡರ್ ಆಗಿದ್ದವು. ಹಸಿರು ಹಾವು, ಬಿಳಿ ಹಾವು ಎರಡೂ ಅಲ್ಲಿ ಒಂದೇ ಗೋಡೆಯೊಳಗೆ ಓಡಾಡಿಕೊಂಡಿದ್ದವು.

2012ರಲ್ಲಿ ಊರಿನ ಇಮಾಜು ಎಂಬಲ್ಲಿ ಈ ಹಾವಿನ ಹೆಸರಿನದೇ ಒಂದು ದೇಗುಲ ಎದ್ದಿತು. ಹೋದರೆ ನೋಡಿ ಬನ್ನಿ. ಹಾವು ಮಾತ್ರ ಗಾಜಿನ ಆಚೆ ಇರುತ್ತೆ.