ಯಂತ್ರಕ್ಕೆ ಬೀಸಿದ ತಂಗಾಳಿ

ನಮ್ಮಂತೆಯೇ ಕನ್ನಡನಾಡಿನಿಂದ ಮುಂಬಯಿಗೆ ವಲಸೆ ಬಂದ ಸಂಸ್ಥೆಯೊಂದಿದೆ. 1945ರ ಜೂನ್‌ನಲ್ಲಿ ಹೋಮಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಆರಂಭಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದೇ ವರ್ಷದ ಕೊನೆಗೆ ಈ ಊರಿಗೆ ಬಂತು. ದೇಶದಲ್ಲೇ ರೂಪುಗೊಂಡ ಮೊದಲ ಪೂರ್ಣಪ್ರಮಾಣದ ಗಣಕಯಂತ್ರವನ್ನು ಆರ್. ನರಸಿಂಹನ್ ಅವರ ತಂಡ 1960ರಲ್ಲಿ ಚಾಲನೆಗೆ ತಂದದ್ದು ಇದರ ಕೊಲಾಬಾ ಆವರಣದಲ್ಲಿ. 1962ರಲ್ಲಿ ನೆಹರೂ ಅವರು ಅದಕ್ಕೆ ‘ಟಿಫ್ರಾಕ್’ ಎಂದು ಹೆಸರಿಟ್ಟರು.

ಅದರೊಳಗೆ ಸುಮಾರು 2,700 ವಾಲ್ವುಗಳಿದ್ದವು. ಹಳೆಯ ವಾಲ್ವ್ ರೇಡಿಯೋದ ಹಿಂಬದಿಗೆ ಕೈಯೊಡ್ಡಿದವರಿಗೆ ಆ ಬಿಸಿ ನೆನಪಿರಬೇಕು. ಅಲ್ಲಿದ್ದದ್ದು ನಾಲ್ಕೈದೇ ವಾಲ್ವು. ಯಂತ್ರ ಲೆಕ್ಕ ಮಾಡಲಿ, ಸುಮ್ಮನಿರಲಿ, ವಾಲ್ವಿನೊಳಗಿನ ತಂತಿ ಕೆಂಪಗೆ ಕಾದಿರಲೇಬೇಕು. ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆ ಸೇರುತ್ತದೆ. 1964ರಲ್ಲಿ ಅಮೆರಿಕದಿಂದ ಬಂದ ಸಿಡಿಸಿ 3600 ಟ್ರಾನ್ಸಿಸ್ಟರುಗಳದು. ಬಿಡಿಭಾಗದ ಬಿಸಿ ಇಳಿಯಿತು, ಬಿಡಿಭಾಗಗಳ ಸಂಖ್ಯೆ ಏರಿತು. ತಂಪಿನ ಅಗತ್ಯ ತಪ್ಪಲಿಲ್ಲ.

ಮುಂಬಯಿಯಲ್ಲಿ ಬಿಸಿಯ ಜೊತೆ ತೇವವೂ ವೈರಿ. 1970ರ ದಶಕದಲ್ಲಿ ನಾನು ಫೋರ್ಟಿನ ಕಚೇರಿಯೊಂದರಲ್ಲಿ ಪಂಚ್ ಕಾರ್ಡುಗಳಿಗೆ ತೂತು ಹಾಕುವ ಕೆಲಸದಲ್ಲಿದ್ದೆ. ರಾತ್ರಿಶಾಲೆಯಲ್ಲಿ ಕಲಿತ ಹುಡುಗನಿಗೆ ಅದೇ ದೊಡ್ಡ ನೌಕರಿ. ಯಂತ್ರದ ಕೋಣೆಯಲ್ಲಿ ಸ್ವೆಟರ್ ಹಾಕುವಷ್ಟು ಚಳಿ. ಪಕ್ಕದಲ್ಲಿ ಕೂತ ನಮ್ಮೆಲ್ಲರಿಗೆ ಒಂದೇ ಫ್ಯಾನು. ಜುಲೈಯ ಒಂದು ರಾತ್ರಿ ಏಸಿ ಕೆಟ್ಟಿತು. ಮೇಲಿನವರು ಕಿಟಕಿ ತೆರೆಸಿದರು. ಬಿಸಿ ಹೊರಗೆ ಹೋಯಿತು, ಜೊತೆಗೆ ಮಳೆಗಾಳಿ ಒಳಗೆ ಬಂತು. ಕಾರ್ಡುಗಳು ಮಳೆಗಾಲದ ಹಪ್ಪಳದಂತೆ ಮೆತ್ತಗಾಗಿ ಯಂತ್ರದಲ್ಲಿ ಸಿಕ್ಕಿಕೊಂಡು ಹರಿದವು. ಅವು ಪಗಾರದ ಕಾರ್ಡುಗಳು. ಬೆಳಗಿನವರೆಗೆ ಹೊಸದಾಗಿ ತೂತು ಹಾಕಿದೆವು. ಆದರೂ ಆ ತಿಂಗಳ ಪಗಾರ ಎರಡು ದಿನ ತಡವಾಯಿತು. ಊರಿಗೆ ಮನಿಯಾರ್ಡರ್ ಕಳಿಸಬೇಕಾದವರಿಗೆ ಎರಡು ದಿನವೆಂದರೆ ಏನೆಂದು ಓದುಗರಿಗೆ ಹೇಳಬೇಕಿಲ್ಲ.

ಇಂಥ ಕೋಣೆಗಳ ನೆಲವನ್ನು ಎತ್ತರಿಸಿ, ಅಡಿಯಲ್ಲಿ ತಂಪುಗಾಳಿ ಹರಿಸಿ, ತೂತಿನ ಹಲಗೆಗಳಿಂದ ಮೇಲಕ್ಕೆ ಬಿಡುತ್ತಿದ್ದರು. ಮುಂದೆ ಸರ್ವರುಗಳ ಕಾಲ ಬಂದಾಗ ಕಪಾಟುಗಳನ್ನು ಶಾಲೆಯ ಬೆಂಚಿನಂತೆ ಒಂದೇ ದಿಕ್ಕಿಗೆ ನಿಲ್ಲಿಸಿದಲ್ಲೆಲ್ಲ ಮುಂದಿನ ಸಾಲಿನ ಬಿಸಿಯುಸಿರು ಹಿಂದಿನ ಸಾಲಿನ ಮುಖಕ್ಕೆ. ಅದಕ್ಕೆ ಮದ್ದು ಇನ್ನಷ್ಟು ಚಳಿ! ನಮ್ಮೂರ ಹೆಂಚಿನ ಮನೆಯಲ್ಲಿ ಒಲೆಯ ಬಿಸಿಗೆ ಹೆಂಚಿನ ಸಂದಿ, ತಂಗಾಳಿಗೆ ಬಾಗಿಲು ಎಂದು ದಾರಿ ಬೇರೆಬೇರೆ ಇತ್ತು. ಯಂತ್ರದ ಮನೆಗೆ ಈ ಬುದ್ಧಿ ಬಂದದ್ದು 1990ರ ದಶಕದಲ್ಲಿ. ಸಾಲುಗಳು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಕೊಟ್ಟು ನಿಂತವು. ನಡುವೆ ಒಂದು ತಂಪು ಓಣಿ, ಒಂದು ಬಿಸಿ ಓಣಿ. ಸರ್ವರಿನೊಳಗೆ ಹೋಗುವ ಗಾಳಿ 20ರಿಂದ 25 ಡಿಗ್ರಿ ಇರಲಿ ಎಂದು 2004ರಲ್ಲಿ ಸೂಚಿಸಿದ್ದ ಅಮೆರಿಕದ ಹವಾನಿಯಂತ್ರಣ ಎಂಜಿನಿಯರರ ಸಂಘ, 2008ರಲ್ಲಿ ಅದನ್ನು 18ರಿಂದ 27ಕ್ಕೆ ಸಡಿಲಿಸಿತು. ಸ್ವೆಟರಿನ ಚಳಿ ಬೇಕಾಗಿಯೇ ಇರಲಿಲ್ಲ.

ಈಗ ಐರೋಲಿ, ಮಹಾಪೆ ಕಡೆ ದೊಡ್ಡ ದೊಡ್ಡ ಡೇಟಾ ಸೆಂಟರುಗಳು. ಅಂಥದೊಂದರಲ್ಲಿ ನನ್ನ ಸೋದರಳಿಯ ದುಡಿಯುತ್ತಾನೆ. ತಂತಿ ಜೋಡಿಸುವ ಕೆಲಸವೆಲ್ಲ ಯಂತ್ರದ ಬೆನ್ನ ಕಡೆ, ಬಿಸಿ ಓಣಿಯಲ್ಲಿ. “ಮಾವ, ನಿಮಗೆ ಒಂದು ಫ್ಯಾನಾದರೂ ಇತ್ತು” ಎಂದು ನಗುತ್ತಾನೆ.