ಮಲೆನಾಡಿಗೆ ಬಂದ ಇಂಗ್ಲಿಷ್ ಶಬ್ದಸಂಪತ್ತು

ಇಂಗ್ಲಿಷಿನಲ್ಲಿ ಪ್ರೌಢವಾದ ಶಬ್ದಸಂಪತ್ತನ್ನು ಗಳಿಸುವ ಬಗೆ ಯಾವುದೆಂದು ವಿದ್ಯಾರ್ಥಿಗಳು ನಮ್ಮನ್ನು ಆಗಾಗ ಕೇಳುವುದುಂಟು. ಕೇಳುವವರ ಕೈಯಲ್ಲಿ ಬಹುಮಟ್ಟಿಗೆ ಒಂದು ಪಟ್ಟಿಯಿರುತ್ತದೆ: ಎಡಗಡೆ ಕಠಿನವಾದ ಪದ, ಬಲಗಡೆ ಅದರ ಅರ್ಥ. ದಿನಕ್ಕೆ ಹತ್ತರಂತೆ ಬಾಯಿಪಾಠ ನಡೆಯುತ್ತದೆ. ವರ್ಷದ ಕೊನೆಗೆ ಪಟ್ಟಿ ಉಳಿಯುತ್ತದೆ, ಪದಗಳು ಉಳಿಯುವುದಿಲ್ಲ. ಉಳಿದ ನಾಲ್ಕಾರು ಪದಗಳೂ ಪ್ರಬಂಧದಲ್ಲಿ ಸಲ್ಲದ ಕಡೆ ಬಂದು ನಿಂತು ನಗೆಗೀಡಾಗುತ್ತವೆ. ಇದಕ್ಕೆ ಪರಿಹಾರವನ್ನು ನಾವು ಇಂದು ಚರಿತ್ರೆಯಲ್ಲಿ ಅರಸೋಣ. ಅದೂ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ.

ಮನೆಮಾತಲ್ಲದ ಒಂದು ಭಾಷೆಯ ಶಬ್ದರಾಶಿಯನ್ನು ಕೈವಶಮಾಡಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಕೆಳದಿಯ ಅರಸರು ಮೊದಲು ಕೆಳದಿ ಇಕ್ಕೇರಿಗಳಲ್ಲಿಯೂ ಅನಂತರ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿಯೂ ಆಳಿದರು. ಆ ವಂಶದ ಬಸಪ್ಪನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶಸದೃಶವಾದ ಗ್ರಂಥವನ್ನು ರಚಿಸಿದುದು ಸಂಸ್ಕೃತದಲ್ಲಿ. ಅಂದಿನ ಸಂಸ್ಕೃತಾಭ್ಯಾಸದ ಅಡಿಗಲ್ಲು ಅಮರಕೋಶ. ಅದನ್ನೂ ಬಾಯಿಪಾಠ ಮಾಡುತ್ತಿದ್ದರಲ್ಲವೆ ಎಂದು ಕೇಳಬಹುದು. ನಿಜ, ಆದರೆ ಅಮರಸಿಂಹನು ಪದಗಳನ್ನು ಚೆಲ್ಲಾಪಿಲ್ಲಿಯಾಗಿ ಒಟ್ಟಲಿಲ್ಲ. ಭೂಮಿ, ಪುರ, ಶೈಲ, ವನೌಷಧಿ ಎಂದು ಅರ್ಥವನ್ನನುಸರಿಸಿ ವರ್ಗಗಳನ್ನು ಮಾಡಿ ಶ್ಲೋಕದಲ್ಲಿ ಕಟ್ಟಿದನು. ಅದನ್ನು ಕಲಿತ ಬಾಲಕನು ಕಾವ್ಯಕ್ಕೆ ಕಾಲಿಟ್ಟಾಗ ಅದೇ ಪದಗಳು ಎದುರಾಗಿ ಮಾತನಾಡಿಸುತ್ತಿದ್ದುವು. ಪದಕ್ಕೆ ನೆರೆಹೊರೆಯಿತ್ತು, ಆದುದರಿಂದ ಅದು ನೆಲೆನಿಂತಿತು.

ಇಂಗ್ಲಿಷು ಈ ಕಡೆಗೆ ಬಂದ ಬಗೆಯೂ ನೆನೆಯತಕ್ಕದ್ದಾಗಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ೧೮೦೧ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಇಕ್ಕೇರಿ, ಸಾಗರ, ನಗರಗಳ ಮಾರ್ಗವಾಗಿ ಸಂಚರಿಸಿದನು. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ನೆಲ, ಬೆಳೆ, ಕಂದಾಯಗಳಿಗೆ ಸಂಬಂಧಿಸಿದ ನಾಡಮಾತುಗಳು ಇಂಗ್ಲಿಷ್ ಅಕ್ಷರಗಳ ವೇಷದಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತವೆ. ನಾವು ಅವರ ಪದಗಳನ್ನು ಕಲಿಯುವುದಕ್ಕೆ ಮುಂಚೆಯೇ ಅವರಿಗೆ ನಮ್ಮ ಪದಗಳು ಬೇಕಾದುವು. ಅಡಿಕೆಗೆ ಇಂಗ್ಲಿಷರು ಹೇಳುವ ‘ಅರೀಕ’ ಎಂಬ ಹೆಸರು ಮಲೆಯಾಳದ ‘ಅಡಕ್ಕ’ದಿಂದ ಪೋರ್ಚುಗೀಸರ ಮೂಲಕ ಹೋದದ್ದು; ನಮ್ಮ ಅಡಿಕೆಗೆ ಅದು ಒಡಹುಟ್ಟು. ತೇಗದ ‘ಟೀಕ್’ ಎಂಬುದೂ ಅದೇ ದಾರಿ ಹಿಡಿದು ಹೋದ ಪದ. ಸಾಗರದ ತೋಟದ ಮನೆಯ ಹುಡುಗನಿಗೆ ಇದನ್ನು ತಿಳಿಸಿಕೊಟ್ಟರೆ ಆ ಪದಗಳನ್ನು ಬಾಯಿಪಾಠ ಮಾಡಿಸಬೇಕಾದೀತೆ?

ಆಮೇಲೆ ನಿಘಂಟುಗಳು ಬಂದುವು. ವಿಲಿಯಂ ರೀವ್ ಪಾದ್ರಿಗಳ ಇಂಗ್ಲಿಷ್–ಕನ್ನಡ ಕೋಶವು ೧೮೨೪ರಲ್ಲಿಯೂ, ಕಿಟ್ಟೆಲ್ ಪಂಡಿತರ ಕನ್ನಡ–ಇಂಗ್ಲಿಷ್ ಕೋಶವು ೧೮೯೪ರಲ್ಲಿಯೂ ಪ್ರಕಟವಾದುವು. ಪರಭಾಷೆಯನ್ನು ಕಲಿಯಲು ಬಂದ ಈ ಪಾದ್ರಿಗಳು ಪ್ರತಿಯೊಂದು ಪದವನ್ನೂ ತಮ್ಮ ಭಾಷೆಯ ಪದದೊಡನೆ ತೂಗಿ ನೋಡಿದರು. ನಮ್ಮ ಮಕ್ಕಳೋ ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲಿಯೇ ಅರ್ಥ ಬರೆದುಕೊಂಡು, ಕಾಣದ ಹೂವಿಗೆ ಕಾಣದ ಹೂವನ್ನೇ ಸಾಕ್ಷಿಯಾಗಿ ಕರೆಯುತ್ತಾರೆ.

ಇದಕ್ಕೆ ಬೇರೆಯಾದ ದಾರಿಯನ್ನು ತೀರ್ಥಹಳ್ಳಿಯ ಸೀಮೆಯೇ ತೋರಿಸಿಕೊಟ್ಟಿದೆ. ಕುಪ್ಪಳಿಯಲ್ಲಿ ಬೆಳೆದು, ತೀರ್ಥಹಳ್ಳಿಯಲ್ಲಿ ಓದಿ, ಮೈಸೂರಿಗೆ ಬಂದ ಕುವೆಂಪು ಅವರು ಮೊದಲು ಕವಿತೆ ಬರೆದುದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಆ ಪುಸ್ತಕವು ೧೯೨೨ರಲ್ಲಿ ಅಚ್ಚಾಯಿತು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರು ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆಯಿತ್ತರು. ತರುಣಕವಿ ಕನ್ನಡಕ್ಕೆ ತಿರುಗಿದರು. ಆದರೆ ಇಂಗ್ಲಿಷನ್ನು ತೊರೆಯಲಿಲ್ಲ. ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ಅವರ ಕೈಯಲ್ಲಿ ‘ಬಿರುಗಾಳಿ’ಯಾಯಿತು. ಒಂದು ನಾಟಕವನ್ನು ಹೀಗೆ ತನ್ನ ಮಾತಿಗೆ ತರಬೇಕಾದರೆ ಅದರ ಪದಪದದ ತೂಕವನ್ನೂ ಬಲ್ಲವನಾಗಿರಬೇಕು. ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಎಳೆತನದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದರು. ಮುಂದೆ ಇಂಗ್ಲಿಷ್ ಅಧ್ಯಾಪಕರಾಗಿ, ಬರ್ಮಿಂಗ್‌ಹ್ಯಾಮಿನಲ್ಲಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದರು. ಆದರೂ ಅವರು ಕಾದಂಬರಿ ಬರೆದುದು ಕನ್ನಡದಲ್ಲಿಯೆ.

ಇದರಿಂದ ನಮಗೆ ತೋರುವುದಿಷ್ಟು. ಶಬ್ದಸಂಪತ್ತೆಂಬುದು ಕಣಜದಲ್ಲಿ ಸುರಿದಿಟ್ಟ ಕಾಳಲ್ಲ. ಬಿತ್ತಿದರೆ ಮಾತ್ರ ಬೆಳೆಯುವಂಥದು. ಒಂದು ಒಳ್ಳೆಯ ಗ್ರಂಥವನ್ನು ಹಿಡಿಯಬೇಕು. ಹೊಸ ಪದವು ಸಿಕ್ಕರೆ ವಾಕ್ಯಸಹಿತವಾಗಿ ಬರೆದುಕೊಳ್ಳಬೇಕು. ಅದರ ಮೂಲವನ್ನೂ ನಂಟರಿಷ್ಟರನ್ನೂ ವಿಚಾರಿಸಬೇಕು. ಕೊನೆಗೆ, ಅದಕ್ಕೆ ಸಮನಾದ ಕನ್ನಡವನ್ನು ಹುಡುಕಬೇಕು. ಸಿಕ್ಕಿತೆ, ಇಂಗ್ಲಿಷ್ ಪದವು ನಮ್ಮದಾಯಿತು. ಸಿಗಲಿಲ್ಲವೆ, ನಮ್ಮ ಭಾಷೆಯಲ್ಲಿ ಆಗಬೇಕಾದ ಕೆಲಸವೊಂದು ಗೊತ್ತಾಯಿತು. ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹೊರತಂದ ಇಂಗ್ಲಿಷ್–ಕನ್ನಡ ನಿಘಂಟು ಇಂತಹ ಹುಡುಕಾಟದ ಫಲವೇ ಆಗಿದೆ.

ಪಟ್ಟಿ ಹಿಡಿದು ಬರುವ ವಿದ್ಯಾರ್ಥಿಗೆ ನಾವು ಈಗ ಒಂದು ಪ್ರಶ್ನೆಯನ್ನು ಹಾಕುತ್ತೇವೆ: “ಇದನ್ನು ನಿಮ್ಮ ತಾಯಿಗೆ ತಿಳಿಯುವಂತೆ ಹೇಳಬಲ್ಲೆಯಾ?” ಹೇಳಬಲ್ಲವನಿಗೆ ಪಟ್ಟಿಯ ಅಗತ್ಯವಿಲ್ಲ. ಹೇಳಲಾರದವನಿಗೆ ಪಟ್ಟಿಯಿಂದ ಪ್ರಯೋಜನವಿಲ್ಲ.